ಹೊಸ ಲೆಕ್ಕಕ್ಕೂ ಎರಡನೆಯ ಪ್ರತಿ ಬೇಕು

10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಸಿ ಹಂಚಿದ ಸಂಗತಿ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಅಂಥ ಪರಂಪರೆಯ ನಾವು, ನಿಲಂಗಾ, ಉಮರ್ಗಾ, ಉದಗೀರಗಳಲ್ಲಿ ಕೆಂಪು ಬಟ್ಟೆಯ ವಹಿ ಬಿಟ್ಟು ಗಣಕಯಂತ್ರ ಹಿಡಿದ ಮೇಲೆ, ಇಡೀ ವ್ಯಾಪಾರದ ಲೆಕ್ಕವನ್ನು ಒಂದೇ ಡಿಸ್ಕಿನಲ್ಲಿ ಇಟ್ಟು ನಿಶ್ಚಿಂತರಾಗಿದ್ದೇವೆ!

ಡಿಸ್ಕ್ ಕೆಟ್ಟರೆ ಹೋಗುವುದು ಬರೀ ನಮ್ಮ ಹಣವಲ್ಲ. ತೊಗರಿ ಹಾಕಿದ ರೈತನಿಗೆ ನಾವು ಕೊಡಬೇಕಾದ ಬಾಕಿ, ಉದ್ರಿ ತೀರಿಸಿದ ಗಿರಾಕಿಯ ಜಮೆ ಎಲ್ಲವೂ ಅದರಲ್ಲೇ ಇವೆ. ಕೊಟ್ಟವನನ್ನೇ ಮತ್ತೆ ಕೇಳುವ ಪ್ರಸಂಗ ಬಂದರೆ ಹಿರಿಯರು ಗಳಿಸಿದ ಪತ ಏನಾದೀತು?

‘ದಿನವೂ ಎಲ್ಲವನ್ನೂ ನಕಲು ಮಾಡಲು ಪುರಸೊತ್ತು ಎಲ್ಲಿದೆ?’ ಎನ್ನುವವರಿಗೆ ಇನ್‌ಕ್ರಿಮೆಂಟಲ್ ಬ್ಯಾಕಪ್ ಎಂಬ ಸುಲಭ ಮಾರ್ಗವಿದೆ. ಭಾನುವಾರ ಎಲ್ಲ ಕಡತಗಳ ಪೂರ್ಣ ಪ್ರತಿ. ಸೋಮವಾರದಿಂದ, ಹಿಂದಿನ ನಕಲಿನ ನಂತರ ಹೊಸದಾಗಿ ಸೇರಿದ ಹಾಗೂ ಬದಲಾದ ಕಡತಗಳು ಮಾತ್ರ. ಸಮಯವೂ ಉಳಿತಾಯ, ಜಾಗವೂ ಉಳಿತಾಯ. ಆದರೆ ಗುರುವಾರದ ಸ್ಥಿತಿಗೆ ಮರಳಲು ಭಾನುವಾರದ ಪ್ರತಿಯ ಜೊತೆಗೆ ನಂತರದ ನಾಲ್ಕು ದಿನಗಳ ನಕಲೂ ಬೇಕು. ನಡುವಿನದೊಂದು ಕೆಟ್ಟರೆ ಸರಪಳಿ ಅಲ್ಲಿಗೇ ಕಡಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಪೂರ್ಣ ಪ್ರತಿ ತಪ್ಪಬಾರದು.

ವಿಂಡೋಸ್‌ನ ‘ಫೈಲ್ ಹಿಸ್ಟರಿ’ಯೂ ಬದಲಾದ ಕಡತಗಳನ್ನಷ್ಟೇ ನಕಲಿಸುತ್ತದೆ. ಹೊರಗಿನ ಡಿಸ್ಕ್ ಜೋಡಿಸಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಚಾಲೂ ಮಾಡಿದರಾಯಿತು. ಆದರೆ ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮುಂತಾದ ಕೆಲವು ಜಾಗಗಳನ್ನು ಮಾತ್ರ ನೋಡುತ್ತದೆ. ಲೆಕ್ಕದ ಫೋಲ್ಡರ್ ಬೇರೆಡೆ ಇದ್ದರೆ ‘ಲೈಬ್ರರಿ’ಗೆ ಸೇರಿಸಬೇಕು. ನಕಲಿಗೆ ಮೊದಲು ಲೆಕ್ಕದ ಸಾಫ್ಟ್‌ವೇರ್ ಮುಚ್ಚಿರಬೇಕು.

ಡಿಸ್ಕನ್ನು ಎಲ್ಲಿಡಬೇಕು? ಇದನ್ನು ನಮ್ಮ ನೆಲವೇ ಕಲಿಸಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪಕ್ಕೆ ಕಲ್ಲು-ಮಣ್ಣಿನ ಮನೆಗಳು ಕುಸಿದು ಸುಮಾರು 10 ಸಾವಿರ ಜನ ತೀರಿಕೊಂಡರು. ಮನೆಯೇ ಬಿದ್ದರೆ ಒಂದೇ ಕಪಾಟಿನಲ್ಲಿರುವ ಎರಡು ಪ್ರತಿಗಳೂ ಒಟ್ಟಿಗೇ ಹೋಗುತ್ತವೆ. ಎರಡು ಡಿಸ್ಕ್ ಇರಲಿ; ಒಂದು ನಮ್ಮಲ್ಲಿ, ಮತ್ತೊಂದು ಪರವೂರಿನ ಬೀಗರ ಮನೆಯಲ್ಲಿ. ತಿಂಗಳಿಗೊಮ್ಮೆ ಅದಲು ಬದಲು ಮಾಡೋಣ. ಕೆಲಸ ಮುಗಿದೊಡನೆ ಡಿಸ್ಕನ್ನು ಕಳಚೋಣ. ಇಲ್ಲವಾದರೆ ವೈರಸ್ ಹೊಕ್ಕಾಗ ಅಸಲಿನೊಡನೆ ನಕಲೂ ಹಾಳಾದೀತು.

ಕೊನೆಯ ಮಾತು: ಆಗಾಗ ಒಂದೆರಡು ಕಡತಗಳನ್ನು ನಕಲಿನಿಂದ ಮರಳಿ ತೆಗೆದು ನೋಡಬೇಕು. ತೆರೆಯದ ಪ್ರತಿ, ಎಣಿಸದ ಗಲ್ಲೆಯಿದ್ದಂತೆ. ಈ ಸಲದ ದೀಪಾವಳಿಯ ವಹಿಪೂಜೆಗೆ ಮೊದಲೇ, ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಆರಂಭಿಸೋಣ.