ಬೀಬರನ ಜಪಮಾಲೆಯ ಸೊನಾಟಾಗಳು

ಜರ್ಮನಿಯ ಮ್ಯೂನಿಕ್ ನಗರದ ಬವೇರಿಯಾ ರಾಜ್ಯ ಗ್ರಂಥಾಲಯದಲ್ಲಿ, ಮುಖಪುಟವನ್ನು ಕಳೆದುಕೊಂಡು ತನ್ನ ಹೆಸರನ್ನೇ ಹೇಳಲಾರದ, ಆದರೂ ಪಾಶ್ಚಾತ್ಯ ಪಿಟೀಲಿನ ಚರಿತ್ರೆಯಲ್ಲಿ ಅಸದೃಶವೆನಿಸಿಕೊಂಡ ಒಂದು ಹಸ್ತಪ್ರತಿಯುಂಟು. 1644ರಲ್ಲಿ ಬೊಹೀಮಿಯಾದಲ್ಲಿ ಜನಿಸಿ, ಸಾಲ್ಝ್‌ಬರ್ಗಿನ ಆರ್ಚ್‌ಬಿಷಪ್ಪನ ಆಸ್ಥಾನದಲ್ಲಿ ಆಶ್ರಯ ಪಡೆದ ಹೈನ್ರಿಖ್ ಬೀಬರನು ಸುಮಾರು 1676ರ ವೇಳೆಗೆ ರಚಿಸಿ ತನ್ನ ಪ್ರಭುವಿಗೆ ಅರ್ಪಿಸಿದ ಈ ಕೃತಿ 1905ರವರೆಗೂ ಅಚ್ಚಾಗಲಿಲ್ಲ. ಕ್ಯಾಥೊಲಿಕ್ ಭಕ್ತರು ಜಪಮಾಲೆಯ ಮಣಿಗಳನ್ನೆಣಿಸುತ್ತ ಧ್ಯಾನಿಸುವ, ಏಸು ಮತ್ತು ಮೇರಿಯರ ಚರಿತೆಯ ಆನಂದ, ದುಃಖ, ಮಹಿಮೆಗಳೆಂಬ ಮೂರು ಪಂಚಕಗಳ 15 ಪ್ರಸಂಗಗಳಿಗೆ ಇಲ್ಲಿ ಒಂದೊಂದು ಸೊನಾಟಾ. ಪ್ರತಿಯೊಂದರ ಶಿರೋಭಾಗದಲ್ಲಿಯೂ ಆ ಪ್ರಸಂಗದ ಪುಟ್ಟ ಅಚ್ಚುಚಿತ್ರ.

ಗಾಯಕನ ಕೊರಳನ್ನಾಗಲಿ ಸಾಹಿತ್ಯವನ್ನಾಗಲಿ ಆಶ್ರಯಿಸದೆ ನಾದದಿಂದಲೇ ರಸವನ್ನು ಸಾಧಿಸಬೇಕಾದ ಈ ರಚನೆಗಳಲ್ಲಿ, ಮೇಲೆ ಪಿಟೀಲು ಸಂಚರಿಸುತ್ತಿರಲು ಕೆಳಗೆ ಆರ್ಗನ್, ಹಾರ್ಪ್ಸಿಕಾರ್ಡ್ ಮೊದಲಾದ ವಾದ್ಯಗಳು ಮಂದ್ರಸ್ವರಗಳ ಆಧಾರವನ್ನೊದಗಿಸುತ್ತವೆ. ಸ್ವಚ್ಛಂದವಾದ ಪೀಠಿಕೆ, ನೃತ್ಯಗತಿಗಳು, ಒಂದೇ ಸ್ವರವಸ್ತುವಿನ ನಾನಾ ವಿಸ್ತಾರಗಳು ಒಂದರ ಬೆನ್ನಿಗೊಂದು ಬರುತ್ತವೆ. ಇಷ್ಟು ಆ ಯುಗದ ಅನ್ಯರಲ್ಲಿಯೂ ಕಾಣತಕ್ಕುದೇ. ಬೀಬರನ ವೈಶಿಷ್ಟ್ಯವಿರುವುದು ಶ್ರುತಿಯಲ್ಲಿ. ಮೊದಲನೆಯ ಸೊನಾಟಾವನ್ನೂ ಸಂಪುಟವನ್ನು ಮುಗಿಸುವ ಪಸಕಾಲ್ಯವೆಂಬ ರಚನೆಯನ್ನೂ ಬಿಟ್ಟರೆ, ಉಳಿದ 14ಕ್ಕೂ ತಂತಿಗಳ ರೂಢಿಯ ಶ್ರುತಿಯನ್ನು ಬಗೆಬಗೆಯಾಗಿ ಬದಲಿಸಿಕೊಳ್ಳಬೇಕು. ಬರೆದ ಸ್ವರಲಿಪಿಯು ಬೆರಳಿಡುವ ಸ್ಥಾನವನ್ನಷ್ಟೇ ಸೂಚಿಸುವುದರಿಂದ ವಾದಕನ ಕಣ್ಣಿಗೆ ಕಾಣುವ ಸ್ವರವೊಂದು, ಕಿವಿಗೆ ಕೇಳುವ ಸ್ವರವಿನ್ನೊಂದು. ಒಂದು ತಂತಿ ಬಿಗಿದು ಮತ್ತೊಂದು ಸಡಿಲಿದಂತೆ, ಅವುಗಳ ಪರಸ್ಪರ ಅನುರಣನವು ವ್ಯತ್ಯಾಸಗೊಂಡು, ವಾದ್ಯದ ನಾದಗುಣವೇ ಮಾರ್ಪಡುತ್ತದೆ. ತೋಟದಲ್ಲಿ ಏಸು ಪಟ್ಟ ಯಾತನೆಗೆ ಮೀಸಲಾದ 6ನೆಯ ಸೊನಾಟಾದಲ್ಲಿ ಮಂಕಾಗಿ ಕುಗ್ಗಿದ ಧ್ವನಿಯೇ ಸ್ವರ್ಗಾರೋಹಣದ 12ನೆಯದರಲ್ಲಿ ಕಹಳೆಯಾಗಿ ಮೊಳಗುತ್ತದೆ.

ಇವೆಲ್ಲಕ್ಕೂ ಮಿಗಿಲಾದ ಸಾಹಸ ಪುನರುತ್ಥಾನದ 11ನೆಯ ಸೊನಾಟಾದ್ದು. ಇಲ್ಲಿ ನಡುವಣ ಎರಡು ತಂತಿಗಳನ್ನು ಒಂದರ ಮೇಲೊಂದು ಹಾಯಿಸಿ ಸ್ಥಾನಪಲ್ಲಟ ಮಾಡುವುದರಿಂದ ಕುದುರೆಯ ಹಿಂದೆ ಶಿಲುಬೆಯ ಆಕೃತಿ ಮೂಡುತ್ತದೆ. ಹೀಗೆ ದೊರೆಯುವ ನಾಲ್ಕು ಸ್ವರಗಳು ನಮ್ಮ ಕರ್ಣಾಟಕ ಸಂಗೀತದ ಪಿಟೀಲಿನ ಷಡ್ಜ, ಪಂಚಮ, ಷಡ್ಜ, ಪಂಚಮಗಳೇ. ನಡುವಿನೆರಡರ ಕ್ರಮ ಮಾತ್ರ ಅದಲುಬದಲು. ಅದರ ಫಲವಾಗಿ ನೆರೆಹೊರೆಯ ತಂತಿಗಳಲ್ಲಿ ಒಂದೇ ಸ್ವರವು ಎರಡು ಸ್ಥಾಯಿಗಳಲ್ಲಿ ಒಡನೊಡನೆ ನುಡಿದು, ಸಾಧಾರಣ ಶ್ರುತಿಯಲ್ಲಿ ಕಷ್ಟಸಾಧ್ಯವಾದ ಗಾಂಭೀರ್ಯವು ಸುಲಭವಾಗಿ ಕೈಗೂಡುತ್ತದೆ.

ರಕ್ಷಕದೇವತೆಯು ಮಗುವಿನ ಕೈಹಿಡಿದಿರುವ ಚಿತ್ರವುಳ್ಳ ಆ ಪಸಕಾಲ್ಯದಲ್ಲಿ ಶ್ರುತಿಯು ಮೊದಲಿನ ಸ್ಥಿತಿಗೆ ಮರಳುತ್ತದೆ. ಪಕ್ಕವಾದ್ಯವೂ ಇಲ್ಲದೆ ಪಿಟೀಲು ಏಕಾಕಿಯಾಗಿ, ಕೆಳಗಿಳಿಯುವ ನಾಲ್ಕೇ ಸ್ವರಗಳನ್ನು 65 ಸಲ ಆವರ್ತಿಸುತ್ತ, ಅವುಗಳ ಮೇಲೆ ಹೊಸ ಹೊಸ ಕಲ್ಪನೆಗಳನ್ನು ಹೆಣೆಯುತ್ತದೆ.

ಶ್ರುತಿಗೂಡಿಸುವುದನ್ನು ಕಚೇರಿಗೆ ಮುಂಚಿನ ಸಿದ್ಧತೆಯೆಂದಷ್ಟೇ ನಾವು ಎಣಿಸುತ್ತೇವೆ. ಬೀಬರನಲ್ಲಿ ಅದು ಕೃತಿಯ ಅರ್ಥದಲ್ಲಿಯೇ ಪಾಲುಗೊಂಡಿದೆ. ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದ ವಾಚಕರು 6ನೆಯ ಮತ್ತು 12ನೆಯ ಸೊನಾಟಾಗಳನ್ನು ಒಂದಾದ ಮೇಲೊಂದರಂತೆ ಕೇಳಲಿ: ಶ್ರುತಿಜ್ಞಾನವುಳ್ಳ ಕಿವಿಗೆ ಬೇರೆ ವ್ಯಾಖ್ಯಾನವೇನೂ ಬೇಡ.