ಗುರೂಜಿ ಕಂಪ್ಯೂಟರ್ ಎದ್ದಿತು, ನುಡಿ ಕಡತವೂ ಉಳಿಯಿತು

ಜತ್ತ: ಬೆಳಗಿನ ಹತ್ತೂವರೆ. ಗುರೂಜಿ ಆಫೀಸ್ ಕೋಣೆಯಲ್ಲಿ ಕಂಪ್ಯೂಟರ್ ಬಟನ್ ಒತ್ತಿ ಪ್ರಾರ್ಥನೆಗೆ ಹೋದರು. ಪ್ರಾರ್ಥನೆ ಮುಗಿದು ಹಾಜರಿ ಹಾಕಿ ಬಂದರೂ ಪರದೆಯ ಮೇಲೆ ಚುಕ್ಕೆಗಳ ಚಕ್ರ ತಿರುಗುತ್ತಲೇ ಇತ್ತು. ದಾಖಲಾ ಒಯ್ಯಲು ಬಂದ ಪಾಲಕರು ಬಾಗಿಲಲ್ಲಿ ನಿಂತಿದ್ದರು. ‘ಇನ್ನ ಎಷ್ಟೊತ್ತರಿ ಗುರೂಜಿ?’

‘ಫಾರ್ಮ್ಯಾಟ್ ಹೊಡಸಿಬಿಡ್ರಿ, ಹೊಸದರಂಗ ಆಗತದ’ ಎಂದು ದುರಸ್ತಿಯವರು ಸಲಹೆ ಕೊಟ್ಟಿದ್ದರು. ತಾಲೂಕಿನ ಈ ಕನ್ನಡ ಶಾಲೆಗೆ ಅದು ದುಬಾರಿಯಾಗುತ್ತಿತ್ತು. ಹಲವು ವರ್ಷಗಳ ಕನ್ನಡ ಪ್ರಶ್ನೆಪತ್ರಿಕೆ, ನಿಕಾಲ ಪಟ್ಟಿ ಎಲ್ಲವೂ ಡೆಸ್ಕ್‌ಟಾಪ್ ಮೇಲೆಯೇ ಇದ್ದವು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲಿ. ಅದನ್ನು ಒರೆಸಿದರೆ ಅವೂ ಹೋದಂತೆ. ಮೇಲಾಗಿ ಅವೆಲ್ಲ ಹಳೆಯ ನುಡಿ ಅಕ್ಷರಗಳಲ್ಲಿ ಟೈಪಾದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ.

ರಜೆಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತಡೆದ. ‘ಗುರೂಜಿ, ಫಾರ್ಮ್ಯಾಟ್ ಕಡೀಗಿರಲಿ. ಮೊದಲ ಗಡಿಯಾರ ನೋಡೂಣ.’

ತಡ ಎಲ್ಲಿ?

ಬಟನ್ ಒತ್ತಿದಾಗಿನಿಂದ ವಿಂಡೋಸ್ ಗುರುತು ಬರುವವರೆಗೆ ಒಂದು ಹಂತ, ಪಾಸ್‌ವರ್ಡ್ ಹಾಕಿದ ಮೇಲೆ ಕೆಲಸಕ್ಕೆ ಬರುವವರೆಗೆ ಇನ್ನೊಂದು. ಮೊದಲ ಹಂತದಲ್ಲೇ ತಡವಾದರೆ ಯಂತ್ರದ ಭಾಗಗಳ ಕಡೆ ನೋಡಬೇಕು. ಸಿಕ್ಕಿಸಿ ಮರೆತ ಪೆನ್‌ಡ್ರೈವ್‌ನಿಂದಲೂ ತಡವಾಗುವುದುಂಟು. ಪ್ರತಿಸಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಮುಗಿದಿರುತ್ತದೆ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್ 2032. ಬೆಲೆ ಕಡಿಮೆ, ಬದಲಿಸುವುದೂ ಸುಲಭ.

ಇಲ್ಲಿ ತಡವಿದ್ದದ್ದು ಎರಡನೇ ಹಂತದಲ್ಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದಾಗ ಟಾಸ್ಕ್ ಮ್ಯಾನೇಜರ್ ತೆರೆಯಿತು. ಅದರ ‘ಸ್ಟಾರ್ಟಪ್’ ಪುಟದಲ್ಲಿ ಕಂಪ್ಯೂಟರಿನ ಜೊತೆಗೇ ಏಳುವ ಪ್ರೋಗ್ರಾಂಗಳ ಸಾಲೇ ಇತ್ತು. ಬೇಡವಾದವನ್ನು ಬಲಗ್ಲಿಕ್ ಮಾಡಿ ‘ಡಿಸೇಬಲ್’ ಮಾಡಲಾಯಿತು. ಇದರಿಂದ ಪ್ರೋಗ್ರಾಂ ಅಳಿಯುವುದಿಲ್ಲ, ಬೇಕಾದಾಗ ತೆರೆಯಬಹುದು. ಆಂಟಿವೈರಸ್ ಮಾತ್ರ ಮುಟ್ಟಬಾರದು. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಬೇಕು. ವಿಂಡೋಸ್ 7 ಇರುವವರಿಗೆ ಈ ಪಟ್ಟಿ ‘ರನ್’ನಲ್ಲಿ ಎಂಎಸ್‌ಕಾನ್ಫಿಗ್ ಎಂದು ಟೈಪ್ ಮಾಡಿದರೆ ಸಿಗುತ್ತದೆ.

ಸಿ ಡ್ರೈವ್ ತುಂಬಿ ಕೆಂಪಾಗಿತ್ತು. ರಿಸೈಕಲ್ ಬಿನ್, ತಾತ್ಕಾಲಿಕ ಕಡತಗಳನ್ನು ತೆಗೆದ ಮೇಲೆ ಸ್ವಲ್ಪ ಚುರುಕಾಯಿತು. ಆದರೂ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಬಹಳ ಹೊತ್ತು 100 ಪ್ರತಿಶತದಲ್ಲೇ ನಿಲ್ಲುತ್ತಿತ್ತು. ನಡುನಡುವೆ ಟಿಕ್ ಟಿಕ್ ಸಪ್ಪಳ ಬೇರೆ. ‘ಇದು ಹಾರ್ಡ್‌ಡಿಸ್ಕ್ ಸಾಯೂ ಲಕ್ಷಣರಿ. ಮೊದಲ ಕಡತ ತಗೊಳ್ಳೂಣ, ಉಳಿದದ್ದು ಆಮ್ಯಾಲ’ ಎಂದ ಹುಡುಗ.

ಉಳಿಸುವ ದಾರಿ

ಅಂದೇ ಕಡತಗಳೆಲ್ಲ ಬೇರೆ ಡಿಸ್ಕಿಗೆ ನಕಲಾದವು. ಜೊತೆಗೆ ನುಡಿ ಫಾಂಟ್‌ಗಳನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರು. ಸಪ್ಪಳ ಮಾಡುವ ಡಿಸ್ಕನ್ನು ರಿಪೇರಿಗೆಂದು ಪದೇ ಪದೇ ಓಡಿಸಿದರೆ ಇದ್ದದ್ದೂ ಕೈತಪ್ಪಬಹುದು.

ನಂತರ ಹಳೆ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂತು. ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆ ಇರುತ್ತದೆ. ಅಲ್ಲಲ್ಲಿ ಚದುರಿದ ಸಣ್ಣ ಕಡತಗಳಿಗಾಗಿ ಅದರ ಮುಳ್ಳು ಅತ್ತಿತ್ತ ಓಡಬೇಕು, ಆರಂಭಕ್ಕೆ ತಡವಾಗುವುದು ಅಲ್ಲೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಳೆ ಡಿಸ್ಕಿನ ಪ್ರತಿರೂಪವನ್ನೇ, ಅಂದರೆ ಕ್ಲೋನ್ ಮಾಡಿ ಹಾಕಿದ್ದರಿಂದ ನುಡಿ ಇದ್ದಂತೆಯೇ ಉಳಿಯಿತು. ಡಿಸ್ಕ್ ಬಹಳ ಕೆಟ್ಟಿದ್ದರೆ ಕ್ಲೋನ್ ಆಗದೆಯೂ ಇರಬಹುದು, ಕಡತ ಮೊದಲು ತೆಗೆಯಬೇಕಾದದ್ದು ಅದಕ್ಕೇ.

ಇನ್ನೊಂದು ಎಚ್ಚರ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಎಷ್ಟೋ ಕಂಪ್ಯೂಟರ್‌ಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಹೀಗಾಗಿ ಹೊಸ ಬರವಣಿಗೆಯನ್ನು ಯೂನಿಕೋಡ್ ಕನ್ನಡದಲ್ಲೇ ಮಾಡುವುದು ಒಳ್ಳೆಯದು. ಮುಂದೆ ಯಾವ ಯಂತ್ರ ಬಂದರೂ ಓದಲು ಬರುತ್ತದೆ.

ಈಗ ಪ್ರಾರ್ಥನೆ ಶುರುವಾಗುವ ಮೊದಲೇ ಕಂಪ್ಯೂಟರ್ ತಯಾರು. ‘ಯಂತ್ರ ಹೋದ್ರ ಇನ್ನೊಂದ ಬರತದ. ಮಕ್ಕಳ ದಾಖಲೆ ಹೋದ್ರ ಎಲ್ಲಿಂದ ತರೂದು?’ ಎನ್ನುತ್ತಾರೆ ಗುರೂಜಿ.