42 ಪೈಸೆಯ ಹಾರಾಟದ ನಿಜವಾದ ಬೆಲೆ

“ಕರೆಂಟಿನ ವಿಮಾನಕ್ಕ ಖರ್ಚ ಭಾಳ ಕಡಿಮಿ ಅಂತಾರ, ಖರೇ ಏನ್ರಿ ಸರ್?” ಎಂದು ಇಳಕಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ರಿಮೋಟಿನಿಂದ ಹಾರಿಸುವ ಮಾದರಿ ವಿಮಾನಕ್ಕೆ ಇಂಧನ ಉರಿಸುವ ಗ್ಲೋ ಎಂಜಿನ್ ಕೂರಿಸಬೇಕೋ, ಬ್ಯಾಟರಿಯ ಮೋಟಾರೋ ಎಂಬ ಗೊಂದಲ ಅವರದು.

ನಾಲ್ಕು ಸೆಲ್ಲಿನ, 4000 ಮಿಲಿಆಂಪ್-ಅವರ್ ಲಿಪೊ (ಲಿಥಿಯಂ-ಪಾಲಿಮರ್) ಬ್ಯಾಟರಿ ಹಿಡಿಯುವುದು ಸುಮಾರು 59 ವಾಟ್-ಅವರ್. ಚಾರ್ಜರಿನಲ್ಲಿ ಸೋರುವುದೂ ಸೇರಿ ಮೀಟರಿನಲ್ಲಿ ಓಡುವುದು 0.07 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 42 ಪೈಸೆ! ಅದೇ ಗಾತ್ರದ ವಿಮಾನದ ಗ್ಲೋ ಎಂಜಿನ್ ಒಂದು ಹಾರಾಟಕ್ಕೆ 200 ಮಿಲಿಲೀಟರ್ ಇಂಧನ ಕುಡಿಯುತ್ತದೆ. ಲೀಟರಿಗೆ 700 ರೂಪಾಯಿ ಎಂದುಕೊಂಡರೆ 140 ರೂಪಾಯಿ ಹೊಗೆಯಾಯಿತು. ಆ ಇಂಧನದಲ್ಲಿ ಬ್ಯಾಟರಿಗಿಂತ ಹತ್ತು ಪಟ್ಟು ಹೆಚ್ಚು ಶಕ್ತಿಯಿದೆ, ನಿಜ. ಆದರೆ ಪುಟ್ಟ ಎಂಜಿನ್ ಅದರ ಬಹುಪಾಲನ್ನು ಬರೀ ಬಿಸಿಯಾಗಿ ಕಳೆದುಬಿಡುತ್ತದೆ.

ಆ ಇಂಧನ ಮಾತ್ರ ನನಗೆ ಬಲು ಪ್ರಿಯ. ಮುಖ್ಯ ಭಾಗ ಮೆಥನಾಲ್, ಜೊತೆಗೆ ಒಂದಿಷ್ಟು ನೈಟ್ರೊಮೀಥೇನ್, ಮತ್ತೆ ಕೀಲೆಣ್ಣೆಯಾಗಿ ನಮ್ಮ ಹುನಗುಂದದ ಕಡೆ ಹೊಲದ ಬದುವಿನಲ್ಲಿ ಬೆಳೆಯುವ ಅದೇ ಔಡಲದ ಎಣ್ಣೆ! ಶೇಂಗಾ ಎಣ್ಣೆಯನ್ನು ಮೆಥನಾಲಿಗೆ ಸುರಿದರೆ ಬೆರೆಯದೆ ಬೇರೆಯಾಗಿಯೇ ನಿಲ್ಲುತ್ತದೆ. ಔಡಲೆಣ್ಣೆಯ ರಿಸಿನೋಲಿಕ್ ಆಮ್ಲಕ್ಕೆ ಮಾತ್ರ ಹೈಡ್ರಾಕ್ಸಿಲ್ ಎಂಬ ಬಾಲವೊಂದು ಹೆಚ್ಚಿಗೆ ಇದೆ. ಅದರ ಬಲದಿಂದ ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಈ ಎರಡನೆಯ ಗುಣವೇ ಮೊದಲ ಮಹಾಯುದ್ಧದ ರೋಟರಿ ಎಂಜಿನ್ನಿನ ವಿಮಾನಗಳಿಗೆ ಬೇಕಾಗಿತ್ತು: ಪೆಟ್ರೋಲು ಕೀಲೆಣ್ಣೆಯನ್ನು ತೆಳುಮಾಡಬಾರದಲ್ಲ! ಎಂಜಿನ್ನು ಚಿಮ್ಮಿಸಿದ ಆ ಎಣ್ಣೆಯ ಮಂಜು ಚಾಲಕರ ಮುಖಕ್ಕೆ ಹೊಡೆದು ಹೊಟ್ಟೆಯನ್ನೂ ಕೆಡಿಸುತ್ತಿತ್ತು.

ಹಾಗಾದರೆ 42 ಪೈಸೆಯ ಕರೆಂಟು ಪುಕ್ಕಟೆಯೇ? ಇಲ್ಲ. ಆ ಬ್ಯಾಟರಿಗೆ 4000 ರೂಪಾಯಿ ಕೊಟ್ಟಿದ್ದೀರಿ ಎನ್ನಿ. ಅದು 200 ಸಲ ಚಾರ್ಜ್ ಆಗಿ ಸುಸ್ತಾದರೆ ಒಂದೊಂದು ಹಾರಾಟಕ್ಕೂ 20 ರೂಪಾಯಿ ಸವೆತ. ಕರೆಂಟಿನ ಬಿಲ್ಲಿಗಿಂತ ನಲವತ್ತೇಳು ಪಟ್ಟು! ಮೀಟರ್ ಲೆಕ್ಕವನ್ನಷ್ಟೇ ತೋರಿಸಿ ಮೋಟಾರನ್ನು ಹೊಗಳುವವರು ಇದನ್ನು ಹೇಳುವುದೇ ಇಲ್ಲ. ಆದರೂ 140ರ ಮುಂದೆ ಇದು ಅಗ್ಗವೇ. ಬ್ಯಾಟರಿ 200 ಸಲ ಬಾಳಿದರೆ ಮಾತ್ರ.

ಅಷ್ಟು ಬಾಳಲು ಬಿಡದಿರುವುದು ನಮ್ಮ ಹಳೆಯ ನಂಬಿಕೆಗಳು. “ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು” ಎನ್ನುವುದು ನಿಕಲ್-ಕ್ಯಾಡ್ಮಿಯಂ ಕಾಲದ ಮಾತು. ಲಿಪೊ ಸೆಲ್ಲು 3 ವೋಲ್ಟಿಗಿಂತ ಕೆಳಗಿಳಿದರೆ ಕೆಟ್ಟಂತೆಯೇ. “ಯಾವಾಗ ಬೇಕಾದೀತೋ, ತುಂಬಿಸಿಟ್ಟಿರೋಣ” ಎಂಬುದು ಇನ್ನೂ ದುಬಾರಿ ಅಭ್ಯಾಸ. ಸೆಲ್ಲಿಗೆ 4.2 ವೋಲ್ಟ್ ತುಂಬಿಸಿ ಬಾಗಲಕೋಟೆಯ ಮೇ ತಿಂಗಳ ಬಿಸಿಲಲ್ಲಿ, ತಗಡಿನ ಮಾಡಿನ ಕೋಣೆಯಲ್ಲಿಟ್ಟರೆ ಒಳಗಿನ ದ್ರಾವಣ ಒಡೆದು ಅನಿಲವಾಗಿ, ಒಂದೂ ಹಾರಾಟವಿಲ್ಲದೆ ಬ್ಯಾಟರಿ ಊದಿಕೊಳ್ಳುತ್ತದೆ. ಹಾರಿಸದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟಿನಲ್ಲಿ ನಿಲ್ಲಿಸಿ, ತಂಪಾದ ಜಾಗದಲ್ಲಿಡಿ. ಒಳ್ಳೆಯ ಚಾರ್ಜರುಗಳಲ್ಲಿ ಅದಕ್ಕೆಂದೇ ‘ಸ್ಟೋರೇಜ್’ ಗುಂಡಿ ಇರುತ್ತದೆ.

ಕಬ್ಬಿನ ಹೊಲಗಳಿಗೆ ಔಷಧ ಸಿಂಪಡಿಸುವ ಡ್ರೋನಿನವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅವರಲ್ಲಿ ಹಲವರು ಹೊಲಕ್ಕೇ ಪೆಟ್ರೋಲ್ ಜನರೇಟರ್ ಒಯ್ದು ಅದರಿಂದ ಬ್ಯಾಟರಿ ತುಂಬಿಸುತ್ತಾರೆ. ಅಲ್ಲಿ ಪೆಟ್ರೋಲಿನ ಖರ್ಚೂ ಬ್ಯಾಟರಿಯ ಸವೆತವೂ ಒಟ್ಟಿಗೇ ಬೀಳುತ್ತವೆ. ಈಗಷ್ಟೇ ಇಳಿದ ಬಿಸಿ ಬ್ಯಾಟರಿಯನ್ನು ಆರಲು ಬಿಡದೆ ಮತ್ತೆ ಚಾರ್ಜಿಗೆ ಚುಚ್ಚುವ ಅವಸರ ಆ ಸವೆತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ನೆರಳಲ್ಲಿ ಅರ್ಧ ತಾಸು ಆರಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.